ಓದುಮೀನಿನ ಕಿವಿಯೊಳಗೆ

“ಎಲ್ಲಿದ್ದೀರಿ ಇವತ್ತು? ಆ ದಡಾನೋ, ಈ ದಡಾನೋ?”

ಹೊನ್ನಕ್ಕ ಕೇಳಿದ್ದು ನನ್ನನ್ನಲ್ಲ. ಅಷ್ಟು ಬೆಳಿಗ್ಗೆ ಕೆರೆಯ ಮೆಟ್ಟಿಲ ಮೇಲೆ ಇರುತ್ತಿದ್ದವರು ನಾವಿಬ್ಬರೇ. ಆದರೂ ಆಕೆ ನನ್ನ ಕಡೆ ತಿರುಗುತ್ತಿರಲಿಲ್ಲ. ಒಲೆಯ ಮುಂದೆ ಕೂತು ಹಿತ್ತಿಲಲ್ಲಿರುವ ಗಂಡನನ್ನು ವಿಚಾರಿಸುವ ಧಾಟಿಯಲ್ಲಿ ನೀರನ್ನು ಕೇಳುತ್ತಿದ್ದಳು. ಗಂಡ ಚೆಲುವಯ್ಯನವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ನಾನು ಸೋರೆಬುರುಡೆಯನ್ನು ನೀರಿಗಿಳಿಸಿ, ಅದರ ಕತ್ತಿಗೆ ಕಿವಿ ಹಚ್ಚಿ, ಉಸಿರು ಸಣ್ಣ ಮಾಡಿಕೊಂಡು ಕೂತಿರುತ್ತಿದ್ದೆ.

ನಮ್ಮೂರಲ್ಲಿ ಸಂಜೆ ಓದಿದ್ದನ್ನು ಬೆಳಿಗ್ಗೆ ಮೀನುಗಳು ಹೇಳುತ್ತಿದ್ದವು. ಅಂಗೈಯುದ್ದದ, ಬೂದು ಬೆನ್ನಿನ ಮೀನು. ಬೇರೆ ಊರಲ್ಲಿ ಅದಕ್ಕೆ ಏನು ಹೆಸರಿದೆಯೋ, ನಾವು ಓದುಮೀನು ಅನ್ನುತ್ತಿದ್ದೆವು. ಅದನ್ನು ಹಿಡಿಯುವುದಾಗಲಿ ತಿನ್ನುವುದಾಗಲಿ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಓದುವವರು ಕೊನೆಯ ಮೆಟ್ಟಿಲಲ್ಲಿ ನಿಂತು ಊರಿನ ಕಾವ್ಯದಿಂದ ಒಂದು ಷಟ್ಪದಿ, ಒಂದೇ ಒಂದು, ರಾಗವಾಗಿ ಹೇಳಬೇಕು. ಮರುದಿನ ಬೆಳಕು ಹರಿಯುವಾಗ ಕೇಳುವವನು ಬಂದು ಬುರುಡೆ ಇಳಿಸಬೇಕು. ಆರೂ ಸಾಲು ತಪ್ಪಿಲ್ಲದೆ ಕೇಳಿಸಿದರೆ ಎದ್ದು ನಿಂತು “ಬಂತು” ಅನ್ನಬೇಕು. ಆಮೇಲೆ ಮಡಿವಾಳರು ಬಟ್ಟೆ ಸೆಳೆಯಲು ಶುರು ಮಾಡುತ್ತಿದ್ದರು, ಕುಂಬಾರರು ಆವಿಗೆಗೆ ಬೆಂಕಿ ಕೊಡುತ್ತಿದ್ದರು, ಮದುವೆಯ ಮನೆಯವರು ಚಪ್ಪರದ ಮೊದಲ ಕಂಬ ನೆಡುತ್ತಿದ್ದರು. “ಬರಲಿಲ್ಲ” ಅಂದರೆ ಆ ದಿನ ಹೊಸ ಕೆಲಸವಿಲ್ಲ. ಓದುವವರನ್ನು ಊರು ಬಾಯಿ ಎಂದು ಕರೆಯುತ್ತಿತ್ತು, ಕೇಳುವವನನ್ನು ಕಿವಿ ಎಂದು. ಚೆಲುವಯ್ಯನವರು ಇಪ್ಪತ್ತೆಂಟು ವರ್ಷ ಬಾಯಿಯಾಗಿದ್ದರು. ಅಷ್ಟೂ ವರ್ಷ ನಾನು ಅವರ ಕಿವಿ.

ಕಿವಿಗೆ ಇದ್ದದ್ದು ಒಂದೇ ಕಟ್ಟುಪಾಡು. ಬುರುಡೆಯಲ್ಲಿ ಕೇಳಿಸಿದ್ದನ್ನು ಮಾತ್ರ ಹೇಳಬೇಕು. ಅನ್ನಿಸಿದ್ದು, ಊಹಿಸಿದ್ದು, ಆಸೆಪಟ್ಟದ್ದು ತುಟಿ ದಾಟಕೂಡದು. ನನ್ನ ತಂದೆ ಈ ಕೆಲಸ ಒಪ್ಪಿಸುವಾಗ ಒದ್ದೆ ಬೆರಳನ್ನು ನನ್ನ ತುಟಿಯ ಮೇಲಿಟ್ಟು ಮಾತು ತೆಗೆದುಕೊಂಡಿದ್ದರು. ನನಗೆ ಅದು ಕಷ್ಟವಾಗಲಿಲ್ಲ. ಹುಟ್ಟಿದಾಗಿನಿಂದ ಪದ್ಯ ಕೇಳಿಕೊಂಡೇ ಬೆಳೆದವನು ನಾನು. ಹಾಲು ಕುಡಿಯುವಾಗ, ಜ್ವರದಲ್ಲಿ ಮಲಗಿದಾಗ, ತಾಯಿ ಸತ್ತ ದಿನವೂ ಯಾರೋ ಒಬ್ಬರು ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಕೇಳುವುದೇ ಪೂಜೆ ಎಂದು ತಿಳಿದವನಿಗೆ ಸುಮ್ಮನಿರುವುದು ಸುಲಭ. ಎಷ್ಟು ಸುಲಭವೆಂದರೆ, ಅದು ಗುಣವೋ ಸೋಮಾರಿತನವೋ ಎಂದು ಯಾವತ್ತೂ ಕೇಳಿಕೊಳ್ಳಲಿಲ್ಲ.

ಮೀನುಗಳಿಗೆ ಪದ್ಯವೂ ಒಂದೇ, ಬೈಗುಳವೂ ಒಂದೇ. ಅದಕ್ಕೇ ನಮ್ಮೂರಿನ ಜಗಳಗಳೆಲ್ಲ ಕೆರೆಯಿಂದ ದೂರ, ಸಂತೆಮಾಳದ ಆಚೆ ನಡೆಯುತ್ತಿದ್ದವು. ಮಾತು ಬಿಸಿಯಾಗುತ್ತಿದ್ದ ಹಾಗೆ ಯಾರಾದರೂ ಒಬ್ಬರು “ನಡಿ, ಆ ಕಡೆ ಹೋಗಿ ಬೈದುಕೊಳ್ಳೋಣ” ಅನ್ನುತ್ತಿದ್ದರು. ನಡೆದುಹೋಗುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಆದರೂ ಕೆಲವು ಮಾತು ತಪ್ಪಿ ನೀರಿಗೆ ಬಿದ್ದಿದ್ದವು. ಕೊಡ ತುಂಬಿಸಿಕೊಳ್ಳುತ್ತ ಒಬ್ಬಳು ಸೋದರತ್ತೆ “ಹುಡುಗನ ಮೂಗು ಸ್ವಲ್ಪ ಸೊಟ್ಟ ಅಲ್ವೇನೇ” ಎಂದು ಪಿಸುಗುಟ್ಟಿದ್ದನ್ನು ಒಂದು ಮೀನು ಆರು ವರ್ಷ ಬಿಡಲಿಲ್ಲ. ಆ ಸೊಟ್ಟ ಮೂಗಿನವನಿಗೆ ಮೂರು ಮಕ್ಕಳಾದವು. ಅವನೂ ಆಗಾಗ ಬಂದು ನನ್ನ ಬುರುಡೆ ಇಸಿದುಕೊಂಡು ಕೇಳಿ, “ಅತ್ತೆಮ್ಮನ ಆಶೀರ್ವಾದ ಇನ್ನೂ ಗಟ್ಟಿಯಾಗೇ ಇದೆ” ಎಂದು ನಗುತ್ತಿದ್ದ.

ಹೊನ್ನಕ್ಕ ಬರುತ್ತಿದ್ದದ್ದು ಪದ್ಯಕ್ಕಲ್ಲ. ಚೆಲುವಯ್ಯನವರು ಓದು ಮುಗಿಸಿದ ಮೇಲೆ ಗಂಟಲು ಸರಿ ಮಾಡಿಕೊಂಡು, ಎರಡು ಮೆಟ್ಟಿಲು ಮೇಲೆ ಕೂತಿರುತ್ತಿದ್ದ ಹೆಂಡತಿಗೆ ಪ್ರತಿ ಸಂಜೆ ಒಂದೇ ಮಾತು ಹೇಳುತ್ತಿದ್ದರು: “ಹೊನ್ನೀ, ಏಳು, ಮಂಜು ಬೀಳ್ತಾ ಇದೆ.” ಬೇಸಿಗೆಯಲ್ಲೂ ಹಾಗೇ ಹೇಳುತ್ತಿದ್ದರು. ಬಾಲ ಹರಿದ ಒಂದು ಮೀನು ಆ ಮಾತನ್ನು ಹಿಡಿದುಕೊಂಡಿತ್ತು. ಬೆಳಿಗ್ಗೆ ಪದ್ಯ ಮುಗಿದ ಮೇಲೆ ಅದು ಮೆಟ್ಟಿಲ ಹತ್ತಿರ ಒಂದು ಸುತ್ತು ಬರುತ್ತಿತ್ತು. ನಾನು ಬುರುಡೆಯನ್ನು ಹೊನ್ನಕ್ಕನ ಕಡೆ ಸರಿಸುತ್ತಿದ್ದೆ. ಆಕೆ ಕೇಳಿಸಿಕೊಂಡು, “ಎದ್ದೆ, ಎದ್ದೆ” ಎಂದು ಮಂಡಿ ಹಿಡಿದುಕೊಂಡು ಎದ್ದು ಮನೆಗೆ ಹೋಗುತ್ತಿದ್ದಳು. ಆಕೆಗೆ ದಿನಕ್ಕೆ ಅಷ್ಟು ಸಾಕಾಗಿತ್ತು.

ಚೆಲುವಯ್ಯನವರ ತಮ್ಮನ ಮಗಳು ಓದಲು ಶುರು ಮಾಡಿದ ಎರಡನೆಯ ವರ್ಷ, ಮಳೆ ನಿಂತ ಮೇಲೆ, ಮೀನುಗಳು ತೇಲತೊಡಗಿದವು. ಓದುಮೀನು ತಲೆಯನ್ನು ಒಂದು ಕಡೆ ವಾಲಿಸಿಕೊಂಡೇ ಈಜುವುದು ಮೊದಲಿನಿಂದ ಇತ್ತು. ಕಿವಿಗೊಟ್ಟು ಕೇಳುವವರು ಹಾಗೇ ತಾನೇ ಕೂರುವುದು? ನಮ್ಮ ಕಣ್ಣಿಗೆ ಅದು ಭಕ್ತಿಯಾಗಿತ್ತು. ಮಕ್ಕಳು ಓದು ಕೇಳುವಾಗ ನೆಟ್ಟಗೆ ಕೂತರೆ “ಮೀನಿನ ಹಾಗೆ ಕೇಳು” ಎಂದು ತಲೆ ವಾಲಿಸುತ್ತಿದ್ದೆವು. ಆ ವರ್ಷ ವಾಲಿದ ತಲೆ ಇನ್ನಷ್ಟು ವಾಲಿ, ಮೀನುಗಳು ಇದ್ದಲ್ಲೇ ಗಿರಗಿರನೆ ಸುತ್ತಿ, ಬೆನ್ನುಮೂಳೆ ಕಾಣುವಷ್ಟು ಬಡಕಲಾಗಿ ಸಾಯತೊಡಗಿದವು. ವಾರಕ್ಕೆ ಮೂರು, ಆಮೇಲೆ ಮೂವತ್ತು. ಯಜಮಾನ ಉಗ್ರಪ್ಪನವರು ಮೀನುಗಾರಿಕೆ ಇಲಾಖೆಗೆ ಕಾಗದ ಬರೆಸಿದರು.

ಬಂದವರು ಮಂದಾಕಿನಿ ಎಂಬ ಹೆಣ್ಣುಮಗಳು. ಊರು ಅವರನ್ನು ಮೀನು ಡಾಕ್ಟ್ರಮ್ಮ ಎಂದಿತು. ನನ್ನ ಮನೆಯ ಮುಂದಿನ ಕೋಣೆಯಲ್ಲಿ ಇಳಿದುಕೊಂಡರು. ಕಿಟಕಿಯ ಪಕ್ಕ ಮೇಜು ಹಾಕಿಸಿ, ಮರದ ಪೆಟ್ಟಿಗೆಯಿಂದ ಸೂಕ್ಷ್ಮದರ್ಶಕವನ್ನು ಎರಡೂ ಕೈಯಲ್ಲಿ ತೆಗೆದಿಟ್ಟ ರೀತಿ ನೋಡಿ ನನಗೆ ಸಮಾಧಾನವಾಯಿತು. ದೇವರ ಮೂರ್ತಿಯನ್ನು ಹಾಗೇ ಎತ್ತುತ್ತಾರೆ. ಸತ್ತ ಮೀನಿನ ತಲೆಯನ್ನು ಕೂದಲಿನಷ್ಟು ಸಣ್ಣ ಕತ್ತರಿಯಿಂದ ಬಿಡಿಸಿ, ಒಳಗಿನಿಂದ ಅಕ್ಕಿನುಚ್ಚಿನ ಗಾತ್ರದ ಬಿಳಿಯ ಕಲ್ಲೊಂದನ್ನು ಹೊರಗೆ ತೆಗೆದರು.

“ಇದು ಕಿವಿಗಲ್ಲು ಕೆಂಚಣ್ಣೋರೇ. ಮೀನಿಗೆ ಕಿವಿ ಹೊರಗಡೆ ಇಲ್ಲ, ಒಳಗಿದೆ. ಈ ಕಲ್ಲು ಅಲ್ಲಾಡಿದ್ರೆ ಅದಕ್ಕೆ ಸದ್ದು ಗೊತ್ತಾಗತ್ತೆ, ಮೇಲು ಕೆಳಗು ಗೊತ್ತಾಗತ್ತೆ. ನೋಡಿ.”

ಕೊಳವೆಗೆ ಕಣ್ಣಿಟ್ಟೆ. ಮೊದಲು ಕಾಣಿಸಿದ್ದು ನನ್ನದೇ ಕಣ್ಣಿನ ರೆಪ್ಪೆ, ಬಿದಿರುಮೆಳೆಯ ಹಾಗೆ. ಅವರು ತಿರುಪು ತಿರುಗಿಸಿದರು. ಮಂಜು ಸರಿದಂತೆ ಸರಿದು, ಕಲ್ಲಿನ ಅಂಚಿಗೆ ಅಂಟಿಕೊಂಡ ಹತ್ತೆಂಟು ಗುಂಡು ಮುತ್ತುಗಳು ಕಂಡವು. ಒಂದೊಂದು ಮುತ್ತಿಗೂ ಈರುಳ್ಳಿಯ ಪೊರೆಯಂಥ ಗೋಡೆ, ಒಂದರ ಮೇಲೊಂದು, ಬೆಳಕು ಹಾಯುವಷ್ಟು ತೆಳ್ಳಗೆ. ಗೋಡೆಯೊಳಗೆ ಮಡಚಿಕೊಂಡು ಮಲಗಿದ ಒಂದು ಎಲೆ. ಎಲೆಯ ತುದಿಯಲ್ಲಿ ಒಂದು ಬಟ್ಟಲು, ನಡುವಿನಲ್ಲಿ ಇನ್ನೊಂದು ಬಟ್ಟಲು. ಮೈತುಂಬ ಸಾಸಿವೆಯಂಥ ಕಾಳುಗಳು ಹೊಳೆಯುತ್ತಿದ್ದವು.

“ಮೇಲಿನ ಬಟ್ಟಲು ಬಾಯಿ. ಕೆಳಗಿನದು ಹಿಡ್ಕೊಳ್ಳೋಕೆ. ಇದೇ ನಿಮ್ಮ ಮೀನನ್ನ ಕೊಲ್ತಿರೋದು. ಒಂದೆರಡಿದ್ರೆ ಮೀನು ತಡ್ಕೊಳ್ಳತ್ತೆ, ತಲೆ ಸ್ವಲ್ಪ ವಾಲತ್ತೆ ಅಷ್ಟೆ. ಈ ವರ್ಷ ಕೆರೇಲಿ ಬಸವನಹುಳು ವಿಪರೀತ, ಅದಕ್ಕೇ ಇದೂ ವಿಪರೀತ.”

ಅವರು ಅದರ ಕಥೆಯನ್ನು ನನಗೆ ಮೂರು ಸಂಜೆ ಹೇಳಿದರು. ಓದಿನಿಂದ ಬಂದ ಮೇಲೆ ನಾನು ಜಗಲಿಯಲ್ಲಿ ಕೂತು, ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟುವ ಹಾಗೆ ಹೂಂಗುಡುತ್ತಿದ್ದೆ.

“ಇದರ ಕಥೆ ಹಕ್ಕಿ ಹೊಟ್ಟೇಲಿ ಶುರುವಾಗತ್ತೆ.”

“ಹೂಂ.”

“ಬೂದು ಬಕ ಇದೆಯಲ್ಲ, ಅದರ ಕರುಳಲ್ಲಿ ಈ ಹುಳ ದೊಡ್ಡದಾಗಿ ಮೊಟ್ಟೆ ಇಡತ್ತೆ. ಕೆಲವೇ ವಾರ ಬದುಕತ್ತೆ. ಹಿಕ್ಕೆ ಜೊತೆ ಮೊಟ್ಟೆ ನೀರಿಗೆ ಬೀಳತ್ತೆ. ಮೊಟ್ಟೆ ಬಿರಿದು ಮೈತುಂಬ ರೋಮ ಇರೋ ಒಂದು ಮರಿ ಈಚೆ ಬರತ್ತೆ. ಅದಕ್ಕೆ ಏನೂ ತಿನ್ನೋಕಾಗಲ್ಲ. ಒಂದು ದಿನದೊಳಗೆ ಬಸವನಹುಳು ಸಿಗಬೇಕು, ಇಲ್ಲಾಂದ್ರೆ ಸತ್ತುಹೋಗತ್ತೆ.”

“ಅಯ್ಯೋ,” ಅಂದೆ.

“ಸಿಕ್ತು ಅಂತಿಟ್ಕೊಳ್ಳಿ. ರೋಮ ಎಲ್ಲ ಉದುರಿಸಿ ಹುಳದೊಳಗೆ ನುಗ್ಗಿ ಬರೀ ಒಂದು ಚೀಲ ಆಗಿಬಿಡತ್ತೆ. ಆ ಚೀಲದೊಳಗೆ ಮತ್ತೆ ಚೀಲ, ಅದರೊಳಗೆ ಸಾವಿರಾರು ಮರಿ. ಎಲ್ಲಾ ಒಂದೇ ಮೊಟ್ಟೆಯಿಂದ! ಈ ಮರಿಗಳಿಗೆ ಕವಲೊಡೆದ ಬಾಲ. ಬಿಸಿಲೇರಿದಾಗ ಹೊರಗೆ ಬಂದು ಮೀನನ್ನ ಹುಡುಕ್ತಾವೆ. ಮೀನಿನ ಮೈ ತಾಗಿದ ತಕ್ಷಣ ಬಾಲ ಕಳಚಿ ಹೊರಗೇ ಬಿಟ್ಟು ಒಳಗೆ ಹೋಗ್ತಾವೆ.”

“ಗುಡಿ ಮುಂದೆ ಮೆಟ್ಟು ಬಿಟ್ಟ ಹಾಗೆ.”

ಡಾಕ್ಟ್ರಮ್ಮ ನಕ್ಕು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. “ಒಳಗೆ ಹೋಗಿ ಕಿವೀನೇ ಹುಡುಕಿಕೊಂಡು ಹೋಗ್ತಾವೆ. ಕಲ್ಲಿನ ಪಕ್ಕ ಕೂತು ಸುತ್ತ ಗೋಡೆ ಕಟ್ಕೊಂಡು ಕಾಯ್ತಾವೆ. ವರ್ಷಗಟ್ಟಲೆ.”

“ಯಾತಕ್ಕೆ ಕಾಯ್ತಾವೆ?”

“ಬಕ ಬಂದು ಆ ಮೀನನ್ನ ನುಂಗಲಿ ಅಂತ. ಓರೆಯಾಗಿ ಈಜೋ ಮೀನು ಬಕದ ಕಣ್ಣಿಗೆ ಬೇಗ ಬೀಳತ್ತೆ. ತಲೆ ವಾಲಿಸೋದು ಅದಕ್ಕೇ.”

ಆಮೇಲೆ ನಾನು ಹೂಂಗುಡಲಿಲ್ಲ. ನಾವು ಮಕ್ಕಳಿಗೆ ಕಲಿಸಿಕೊಟ್ಟ ಭಕ್ತಿಯ ಭಂಗಿ ನೆನಪಾಯಿತು. ಆದರೆ ಅದಕ್ಕಿಂತ ಹೆಚ್ಚು ಮನಸ್ಸಿಗೆ ಹತ್ತಿದ್ದು ಆ ಹುಳದ ಜನ್ಮಗಳು. ಪ್ರತಿ ಜನ್ಮದಲ್ಲೂ ಏನನ್ನಾದರೂ ಕಳಚಿಟ್ಟು ಮುಂದಕ್ಕೆ ಹೋಗುವುದು. ಕೊನೆಗೆ ಏನೂ ಉಳಿಯದೆ, ಕತ್ತಲಲ್ಲಿ ಗೋಡೆ ಕಟ್ಟಿಕೊಂಡು, ಕಿವಿಯಲ್ಲಿ ಕೂತು ಕಾಯುವುದು. ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

ನಾಲ್ಕನೆಯ ದಿನ ಅವರು ಇನ್ನೊಂದು ಗಾಜು ಇಟ್ಟು ಕರೆದರು. ಆ ಬೆಳಿಗ್ಗೆಯೇ ಸತ್ತ ಮೀನಿನ ಕಿವಿಗಲ್ಲು. “ಇವಿನ್ನೂ ಜೀವಂತವಾಗಿದಾವೆ, ನೋಡಿ.” ನೋಡಿದೆ. ಮುತ್ತಿನೊಳಗಿನ ಎಲೆ ಕುಗ್ಗಿ ಹಿಗ್ಗುತ್ತಿತ್ತು. ಮೂರು ಸಲ ಚುರುಕಾಗಿ, ನಾಲ್ಕು ಸಲ ನಿಧಾನವಾಗಿ. ಮತ್ತೆ ಮೂರು, ಮತ್ತೆ ನಾಲ್ಕು. ಸಾಲಿನ ಕೊನೆಗೆ ಬರುವಂತೆ ಒಂದು ಸಣ್ಣ ನಿಲುಗಡೆ. ಪಕ್ಕದ ಮುತ್ತಿನಲ್ಲೂ ಅದೇ. ನನ್ನ ಬೆರಳು ತೊಡೆಯ ಮೇಲೆ ತಾನಾಗಿ ತಾಳ ಹಾಕುತ್ತಿತ್ತು. ಮೂರನೆಯ ಸಾಲು ಉದ್ದವಾಯಿತು, ಆರನೆಯದೂ ಉದ್ದವಾಯಿತು. ಅದು ಹಿಂದಿನ ಸಂಜೆಯ ಪದ್ಯದ ನಡೆ. ಮೀನು ಸತ್ತಿತ್ತು, ಪದ್ಯ ನಡೆದೇ ಇತ್ತು.

“ಏನು ಕಾಣ್ತಾ ಇದೆ?”

“ಮಿಡೀತಾ ಇದೆ,” ಅಂದೆ.

“ಬದುಕಿರೋದೆಲ್ಲ ಮಿಡಿಯತ್ತೆ ಬಿಡಿ,” ಎಂದು ಅವರು ಗಾಜು ತೆಗೆದರು.

ಆಗ ಹೇಳಬೇಕಾಗಿತ್ತು. ಮೂವತ್ತು ವರ್ಷ ಕೇಳಿದವನಿಗೆ ಇನ್ನೂ ಒಂದು ವಿಷಯ ಗೊತ್ತಿತ್ತು: ತಲೆ ನೆಟ್ಟಗಿರುವ ಎಳೆಯ ಮೀನು ಏನೂ ಹೇಳುವುದಿಲ್ಲ, ತಲೆ ವಾಲಿದ ಮೇಲೇ ಅದಕ್ಕೆ ದನಿ ಬರುವುದು. ಇದನ್ನೂ ಅದನ್ನೂ ಕೂಡಿಸಲು ಬಹಳ ಬುದ್ಧಿ ಬೇಕಿರಲಿಲ್ಲ. ಆದರೆ ಅದು ಬುರುಡೆಯಲ್ಲಿ ಕೇಳಿಸಿದ್ದಲ್ಲ, ಗಾಜಿನಲ್ಲಿ ಕಂಡದ್ದು. ನನ್ನ ತುಟಿಯ ಮೇಲೆ ತಂದೆಯ ಒದ್ದೆ ಬೆರಳು ಇನ್ನೂ ಇತ್ತು.

ಆ ವಾರವೇ ಕೆರೆಯ ಏರಿಯ ಮೇಲೆ ಊರು ಸೇರಿತು. ಡಾಕ್ಟ್ರಮ್ಮ ಎರಡು ಕೆಲಸ ಹೇಳಿದರು. ಬಸವನಹುಳ ಸಾಯಲು ಅಳೆದು ಅಳೆದು ಮೈಲುತುತ್ತ ಬಿಡುವುದು. ಮೀನಿನ ಕಿವಿಯೊಳಗಿನ ಹುಳ ಸಾಯಲು ತವುಡು ಹಿಂಡಿಯ ಉಂಡೆಯಲ್ಲಿ ಮದ್ದು ಕೊಡುವುದು, ಹನ್ನೊಂದು ದಿನ.

“ಏನೂ ಮಾಡದಿದ್ರೆ?” ಉಗ್ರಪ್ಪನವರು ಕೇಳಿದರು.

“ಬೇಸಿಗೆ ಹೊತ್ತಿಗೆ ಕೆರೇಲಿ ಒಂದು ಮೀನೂ ಇರಲ್ಲ.”

“ಹಂಗಾದ್ರೆ ಹಾಕವ್ವ ಅತ್ಲಾಗೆ,” ಎಂದಳು ಮಡಿವಾಳರ ತಿಮ್ಮಕ್ಕ. “ಮೀನು ಹೋದ್ರೆ ಈ ಕೆಂಚಣ್ಣ ದಿನಾ ‘ಬರಲಿಲ್ಲ’ ಅಂತಾನೆ. ನಾನು ಊರಿನ ಕೊಳೆ ಬಟ್ಟೆ ಎಲ್ಲ ತಲೆ ಮೇಲೆ ಹೊತ್ಕೊಂಡು ಕೂತಿರಬೇಕಾಗ್ತದೆ.” ಜನ ನಕ್ಕರು.

ಹೊನ್ನಕ್ಕ ನಗಲಿಲ್ಲ. “ಮದ್ದು ತಿಂದ ಮೇಲೂ ಮಾತಾಡ್ತವಾ ತಾಯಿ?” ಎಂದಳು.

“ಅಮ್ಮಾ, ಮೀನು ಮಾತಾಡೋ ವಿಚಾರ ನನ್ನ ಓದಿನಲ್ಲಿ ಬಂದಿಲ್ಲ. ನನಗೆ ಗೊತ್ತಿಲ್ಲ. ಆದ್ರೆ ಕಾಯಿಲೆ ಬಿದ್ದ ಮೀನೇ ಇಷ್ಟು ಚೆನ್ನಾಗಿ ಹೇಳತ್ತೆ ಅಂದ್ರೆ, ಗಟ್ಟಿಮುಟ್ಟಾದ ಮೀನು ಇನ್ನೂ ಚೆನ್ನಾಗಿ ಹೇಳ್ಬೋದಲ್ವಾ?”

ಹೊನ್ನಕ್ಕ ನನ್ನ ಕಡೆ ತಿರುಗಿದಳು. ಅಷ್ಟು ವರ್ಷದಲ್ಲಿ ಆಕೆ ನನ್ನ ಮುಖ ನೋಡಿ ಏನನ್ನಾದರೂ ಕೇಳಿದ್ದು ಅದೇ ಮೊದಲು. “ಕೆಂಚಣ್ಣ, ನೀನು ಆ ಗಾಜಿನೊಳಗೆ ನೋಡಿದೀಯಲ್ಲ. ನಿನಗೇನು ಅನ್ನಿಸ್ತು, ಹೇಳು.”

ನಾನು ಎದ್ದು ನಿಂತು ಕೈ ಮುಗಿದೆ. “ಅನ್ನಿಸಿದ್ದನ್ನ ಕಿವಿ ಹೇಳಂಗಿಲ್ಲ ಹೊನ್ನಕ್ಕ. ಬುರುಡೇಲಿ ಕೇಳಿಸಿದ್ದು ಮಾತ್ರ.”

“ಕಿವಿ ಅಂದ್ರೆ ಹಿಂಗಿರಬೇಕು ನೋಡ್ರಪ್ಪ,” ಎಂದರು ಉಗ್ರಪ್ಪನವರು. ನಾಲ್ಕು ಜನ ತಲೆದೂಗಿದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಈ ಕಥೆಯಲ್ಲಿ ನಾನು ಮರೆಯಬೇಕೆಂದು ಬಯಸುವ ಜಾಗ ಯಾವುದಾದರೂ ಇದ್ದರೆ ಅದು ಆ ಹೆಮ್ಮೆ.

ಉಂಡೆ ಕಟ್ಟಿದವನು ನಾನೇ. ಓದುಮೀನು ಬೇರೆಯವರ ಕೈಗೆ ಬರುತ್ತಿರಲಿಲ್ಲ. ನನ್ನ ಕೈಯ ನೆರಳು ನೀರಿನ ಮೇಲೆ ಬಿದ್ದರೆ ಗುಂಪಾಗಿ ಬರುತ್ತಿದ್ದವು. ಕಹಿ ಗೊತ್ತಾಗದಿರಲಿ ಎಂದು ಬೆಲ್ಲ ಸೇರಿಸಿ, ಕಡಲೆಕಾಳಿನಷ್ಟು ಉಂಡೆ ಮಾಡಿ, ಕೊನೆಯ ಮೆಟ್ಟಿಲಲ್ಲಿ ಕೂತು ಅಂಗೈ ನೀರೊಳಗಿಟ್ಟು ತಿನ್ನಿಸಿದೆ. ಅವುಗಳ ಬಾಯಿ ಅಂಗೈಗೆ ತಾಗುವಾಗ ಕಚಗುಳಿಯಾಗುತ್ತಿತ್ತು. ಬಾಲ ಹರಿದ ಮೀನು ಮಾತ್ರ ಬರಲಿಲ್ಲ. ಅದಾಗಲೇ ಸತ್ತು ತೇಲಿಹೋಗಿರಬೇಕು ಅಂದುಕೊಂಡೆ. ಹೊನ್ನಕ್ಕನೂ ಮೊದಲ ಉಂಡೆ ಹಾಕಿದ ದಿನದಿಂದ ಮೆಟ್ಟಿಲಿಗೆ ಬರಲಿಲ್ಲ. ದುಃಖವಿರಬೇಕು ಎಂದು ಅದನ್ನೂ ಅಂದುಕೊಂಡೆ, ಹೋಗಿ ಕೇಳಲಿಲ್ಲ.

ಐದನೆಯ ಬೆಳಿಗ್ಗೆ ಪದ್ಯ ಕೇಳಿಸಿತು, ಆದರೆ ನಾಲ್ಕೇ ಸಾಲು; “ಬರಲಿಲ್ಲ” ಎಂದೆ. ಏಳನೆಯ ಬೆಳಿಗ್ಗೆ ಎರಡು. ಒಂಬತ್ತನೆಯ ಬೆಳಿಗ್ಗೆ ಸೊಟ್ಟ ಮೂಗಿನ ಮಾತೊಂದು “ಹುಡುಗನ ಮೂ” ಎಂಬಲ್ಲಿಗೆ ನಿಂತುಹೋಯಿತು. ಹನ್ನೊಂದನೆಯ ದಿನ ಬುರುಡೆಯಲ್ಲಿ ನೀರಿತ್ತು, ಅಷ್ಟೇ. ಕೆರೆಯ ತುಂಬ ಮೀನುಗಳು ತಲೆ ನೆಟ್ಟಗೆ ಮಾಡಿಕೊಂಡು, ಬಾಣ ಬಿಟ್ಟ ಹಾಗೆ ನೇರವಾಗಿ, ಮಿಂಚುತ್ತ ಓಡಾಡುತ್ತಿದ್ದವು. ಅಷ್ಟು ಚೆಂದದ ಮೀನುಗಳನ್ನು ನಾನು ನೋಡಿರಲಿಲ್ಲ.

ಆವತ್ತೂ ಎದ್ದು ನಿಂತು “ಬರಲಿಲ್ಲ” ಅಂದೆ. ಮರುದಿನವೂ ಅಂದೆ. ಇನ್ನೂ ಎಂಟು ದಿನ ಊರು ಕೈಕಟ್ಟಿ ಕೂತಿತು. ಒಂಬತ್ತನೆಯ ದಿನ ಉಗ್ರಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಕೆಂಚಣ್ಣ, ಇನ್ನು ಬುರುಡೆ ಒಣಗಿಸಿಡು. ಮನೆಯೊಳಗೆ ಮಕ್ಕಳು ಮರಿ ಅವೆ, ಒಲೆ ಉರೀಬೇಕು” ಎಂದರು. ಅವರ ದನಿಯಲ್ಲಿ ಬೈಗುಳವಿರಲಿಲ್ಲ. ತಿಮ್ಮಕ್ಕನ ಬಟ್ಟೆ ಕಲ್ಲಿಗೆ ಬೀಳುವ ಸದ್ದು ಆವತ್ತು ಬೆಳಕಾಗುವ ಮೊದಲೇ ಕೇಳಿತು. ಒಂದು ತಿಂಗಳಲ್ಲಿ ಊರು ಹೊಂದಿಕೊಂಡಿತು. ಜಗಳಗಳು ಸಂತೆಮಾಳದಿಂದ ಕೆರೆಯ ಮೆಟ್ಟಿಲಿಗೇ ಬಂದವು. ಎಳೆಯರು ನೀರಿಗೆ ಬಗ್ಗಿ ಬೈಗುಳ ಕೂಗಿ, ಮರುದಿನ ಏನೂ ಆಗದ್ದಕ್ಕೆ ನಗುತ್ತಿದ್ದರು. ಆ ಸೊಟ್ಟ ಮೂಗಿನವನು ಒಂದು ಸಂಜೆ ಕೆರೆಯ ದಡದಲ್ಲಿ ಮೂಗು ಸವರಿಕೊಳ್ಳುತ್ತ ಕೂತಿದ್ದು ನೋಡಿದೆ. ಓದು ಮಾತ್ರ ನಿಲ್ಲಲಿಲ್ಲ. ಆ ಹುಡುಗಿ ದಿನಾ ಸಂಜೆ ಒಂದು ಪದ್ಯ ಹೇಳಿ ಮನೆಗೆ ಹೋಗುತ್ತಾಳೆ. ನೀರು ಅದನ್ನು ಕುಡಿದುಬಿಡುತ್ತದೆ.

ಡಾಕ್ಟ್ರಮ್ಮನಿಗೆ ನಾನು ಎಲ್ಲವನ್ನೂ ಹೇಳಿದ್ದು ಆಮೇಲೆ. ಮೂರು-ನಾಲ್ಕರ ನಡೆ, ತಲೆ ನೆಟ್ಟಗಿರುವ ಎಳೆಯ ಮೀನು. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ನಿಮಗೆ ಆವತ್ತೇ ಗೊತ್ತಿತ್ತಾ?”

“ಅನ್ನಿಸಿತ್ತು.”

“ಒಂದು ಮಾತು ಹೇಳಿದ್ರೆ ನೂರು ಮೀನನ್ನ ಬೇರೆ ಹೊಂಡಕ್ಕೆ ಬಿಟ್ಟು ಮದ್ದು ಕೊಡದೇ ಇಟ್ಕೋತಿದ್ದೆ ಕೆಂಚಣ್ಣೋರೇ. ಬರೀ ನೂರು ಮೀನು.” ಅವರ ಕಣ್ಣು ತುಂಬಿತು. “ಈ ಜಾತಿಯ ಹುಳಾನ ನಾನು ಬೇರೆಲ್ಲೂ ನೋಡಿಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಬಕದ ಹೊಟ್ಟೆಯಲ್ಲಿದ್ದವು ಇಷ್ಟು ಹೊತ್ತಿಗೆ ಸತ್ತಿರ್ತಾವೆ. ಬಸವನಹುಳು ಮತ್ತೆ ಬರ್ತಾವೆ, ಆದ್ರೆ ಅವು ಬರೀ ಬಾಡಿಗೆ ಮನೆ. ಹಳೇ ಮೀನು ಒಂದೇ ಒಂದು ಉಳಿದಿದ್ರೂ ಸಾಕಿತ್ತು. ಅದನ್ನ ಬಕ ನುಂಗಿದ್ರೆ ಮತ್ತೆ ಮೊಟ್ಟೆ, ಮತ್ತೆ ಮರಿ. ಎರಡು ವರ್ಷದಲ್ಲಿ ನಿಮ್ಮ ಕೆರೆ ಮತ್ತೆ ಮಾತಾಡ್ತಿತ್ತು. ಈ ಸಲ ಬಸವನಹುಳು ಹದ್ದು ಮೀರದ ಹಾಗೆ ನಾನೇ ನೋಡ್ಕೋತಿದ್ದೆ.”

ಬೆಳಗಿನ ಹೊತ್ತು ನನಗೆ ಕೆಲಸವಿರಲಿಲ್ಲ. ಆದರೆ ಎಚ್ಚರ ಆಗಿಯೇ ಆಗುತ್ತಿತ್ತು. ಬೇಸಿಗೆ ಹತ್ತಿರ ಬಂದಿದ್ದ ಒಂದು ದಿನ ಕಾಲು ಎಳೆದ ಕಡೆ ನಡೆಯುತ್ತ ಹೊನ್ನಕ್ಕನ ಮನೆಯ ಹಿಂದಿನ ಓಣಿಗೆ ಬಂದಿದ್ದೆ. ಹಿತ್ತಿಲ ಗೋಡೆಯ ಆಚೆಯಿಂದ ಆಕೆಯ ದನಿ ಕೇಳಿತು.

“ಎದ್ದೆ, ಎದ್ದೆ.”

ಹಿತ್ತಿಲ ಬಾಗಿಲು ತಳ್ಳಿದೆ. ಹಸುವಿಗೆ ನೀರಿಡುವ ಕಲ್ಲುಬಾನಿಯ ಪಕ್ಕದಿಂದ ಹೊನ್ನಕ್ಕ ಮಂಡಿ ಹಿಡಿದುಕೊಂಡು ಏಳುತ್ತಿದ್ದಳು. ನನ್ನನ್ನು ನೋಡಿ ಬೆಚ್ಚಲಿಲ್ಲ.

“ಕಿವಿಯಯ್ಯನಿಗೆ ಅಂತೂ ಕೇಳಿಸ್ತು,” ಎಂದಳು. “ಬಾ. ಬಾಗಿಲು ಹಾಕ್ಕೊಂಡು ಬಾ.”

ಬಾನಿಯೊಳಗೆ ಬಾಲ ಹರಿದ ಮೀನು. ತಲೆ ಪೂರ್ತಿ ಒಂದು ಕಡೆಗೆ ಬಿದ್ದು, ಬಾನಿಯ ಅಂಚಿಗುಂಟ ನಿಧಾನವಾಗಿ ಸುತ್ತು ಹಾಕುತ್ತಿತ್ತು. ಬೆನ್ನಿನ ಮೂಳೆ ಬಾಚಣಿಗೆಯ ಹಾಗೆ ಕಾಣುತ್ತಿತ್ತು.

“ಯಾವತ್ತು ತಂದೆ ಹೊನ್ನಕ್ಕ?”

“ಏರಿ ಮೇಲೆ ಸೇರಿದ್ವಲ್ಲ, ಆವತ್ತು ಸಂಜೇನೇ. ಸೆರಗಲ್ಲಿ ಹಿಡಿದು ತಂದೆ. ನೀನು ಬಾಯಿ ಮುಚ್ಕೊಂಡಿದ್ದೆ, ಮುಖ ಮುಚ್ಕೊಂಡಿರಲಿಲ್ಲ.”

ಆಕೆ ಒಂದು ಮಡಿಕೆಯನ್ನು ಬೋರಲು ಮಾಡಿ ನೀರಿಗೆ ಅದ್ದಿ, ಅದರ ತಳದ ಮೇಲೆ ಕಿವಿಯಿಡು ಎಂದು ಸನ್ನೆ ಮಾಡಿದಳು. ಇಟ್ಟೆ. ಬಹಳ ಹೊತ್ತು ಬರೀ ನೀರು. ಆಮೇಲೆ ದೂರದಿಂದ, ದಪ್ಪ ಕಂಬಳಿಯ ಆಚೆಯಿಂದ ಬಂದ ಹಾಗೆ, ಗಂಟಲು ಸರಿ ಮಾಡಿಕೊಳ್ಳುವ ಸದ್ದು, ಆಮೇಲೆ ಚೆಲುವಯ್ಯನವರು. ಮಂಜು ಬೀಳ್ತಾ ಇದೆ. “ಮಂಜು” ಅನ್ನುವಲ್ಲಿ ದನಿ ಸ್ವಲ್ಪ ನಡುಗಿತು. ಇಪ್ಪತ್ತೆಂಟು ವರ್ಷ ಅವರ ಪದ್ಯ ಕೇಳಿದವನು ನಾನು. ಪದ್ಯ ಮುಗಿದ ಕೂಡಲೇ ಬೆನ್ನು ತಿರುಗಿಸಿ ಹೋಗುತ್ತಿದ್ದೆ. ಬೆನ್ನ ಹಿಂದೆ ಕೇಳಿಸುತ್ತಿದ್ದ ಈ ಮಾತಿಗೆ ಒಂದು ದಿನವೂ ನಿಲ್ಲಲಿಲ್ಲ.

ಕಿವಿ ತೆಗೆದಾಗ ಮಡಿಕೆ ಒದ್ದೆಯಾಗಿತ್ತು, ನನ್ನ ಕೆನ್ನೆಯೂ. ಮೀನು ಸುತ್ತುತ್ತಿತ್ತು. ಹಿತ್ತಿಲ ಹುಣಸೆಮರದ ತುದಿಯಿಂದ ಒಂದು ಬಕ ಹಾರಿ ಕೆರೆಯ ಕಡೆ ಹೋಯಿತು. ಬಿಸಿಲು ಬಲಿತರೆ ಅವೂ ಊರು ಬಿಟ್ಟು ಹೋಗುತ್ತವೆ.

ನಾನು ಹೇಳತೊಡಗಿದೆ. ಜೀವಮಾನದಲ್ಲಿ ಅಷ್ಟು ಮಾತನ್ನು ಒಟ್ಟಿಗೆ ಆಡಿದವನಲ್ಲ. ಗಾಜಿನೊಳಗಿನ ಮುತ್ತು, ಮೂರು-ನಾಲ್ಕರ ನಡೆ, ಕಳಚಿಟ್ಟ ಬಾಲ, ಬಕದ ಹೊಟ್ಟೆ, ಡಾಕ್ಟ್ರಮ್ಮನ ಕಣ್ಣೀರು, ಎಲ್ಲವನ್ನೂ ಹೇಳಿದೆ. ಈ ಮೀನಿನ ಕಿವಿಯೊಳಗೆ ಇರುವುದೇ ಕೊನೆಯದು ಎಂದು ಹೇಳಿದೆ. ಕೆರೆಯ ಕೆಸರಂಚಿನಲ್ಲಿ ಬಿಟ್ಟರೆ ಬಕ ಬಹಳ ಹೊತ್ತು ಕಾಯಿಸುವುದಿಲ್ಲ ಎಂದು ಹೇಳಿದೆ. ಹೊನ್ನಕ್ಕ ಒಂದು ಕೈಯನ್ನು ಬಾನಿಯ ನೀರಿನಲ್ಲಿಟ್ಟುಕೊಂಡು, ತಲೆ ವಾಲಿಸಿ ಕೇಳಿದಳು. ಮೀನು ಸುತ್ತು ಬಂದಾಗಲೆಲ್ಲ ಆಕೆಯ ಬೆರಳಿಗೆ ತಾಗಿ ಹೋಗುತ್ತಿತ್ತು.

“ಅಂದ್ರೆ ಇವರನ್ನ ಎತ್ಕೊಂಡು ಹೋಗಿ ಬಕದ ಬಾಯಿಗೆ ಇಡು ಅಂತೀಯ.”

“ಅದು ಮೀನು ಹೊನ್ನಕ್ಕ. ಬಹಳ ಅಂದ್ರೆ ಇನ್ನೊಂದು ತಿಂಗಳು. ಅದು ಸತ್ರೆ ಕಿವಿಯೊಳಗಿನದೂ ಅದರ ಜೊತೆಗೇ ಸಾಯ್ತದೆ. ಈ ಕೆರೇಲಿ ಇನ್ನು ಯಾರ ದನಿಯೂ ಉಳಿಯಲ್ಲ. ನಾಳೆ ಓದೋ ಹುಡುಗೀದೂ ಇಲ್ಲ, ನಿಂದೂ ಇಲ್ಲ. ಊರಿಗೋಸ್ಕರ ಕೇಳ್ತಾ ಇದೀನಿ.”

“ಇಷ್ಟು ಮಾತು ಆವತ್ತು ಏರಿ ಮೇಲೆ ಎಲ್ಲಿತ್ತು ನಿನ್ನ ಹತ್ರ?”

ಆಕೆ ಉತ್ತರಕ್ಕೆ ಕಾಯಲಿಲ್ಲ. ಗೋಡೆಗೆ ಒರಗಿಸಿದ್ದ ಮೊರವನ್ನು ತಂದು, ಬಿಸಿಲು ಬೀಳದ ಹಾಗೆ, ಹಕ್ಕಿಯ ಕಣ್ಣಿಗೂ ಬೀಳದ ಹಾಗೆ, ಬಾನಿಯ ಮೇಲೆ ಮುಚ್ಚಿದಳು. ಮುಚ್ಚಿ ಅದರ ಮೇಲೆ ಎರಡೂ ಕೈಯಿಟ್ಟಳು.

“ದಮ್ಮಯ್ಯ ಹೊನ್ನಕ್ಕ. ಆ ಮೀನು ಕೊಡು.”

“ಕೊಡಲ್ಲ.”